ಸೆಲೆರಾನ್ 300ಎ: ಬಸ್ ವೇಗ 83ರಲ್ಲಿ ಫೈಲುಗಳು ಕೆಡುತ್ತಿವೆ, 100ರಲ್ಲಿ ಡಿಸ್‌ಪ್ಲೇ ಬರುತ್ತಿಲ್ಲ

ಪ್ರಶ್ನೆ: ಕಲಬುರಗಿ ಡಿಟಿಪಿ

ಎಲ್ಲರಿಗೂ ಶರಣು.

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅದನ್ನು ಶುರು ಮಾಡಿದವರು ನಮ್ಮ ಕಾಕಾ. 1999ರಲ್ಲಿ ಅವರು ಹೈದರಾಬಾದಿಗೆ ಹೋಗಿ ಬಿಡಿಭಾಗಗಳನ್ನು ತಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಈಗಲೂ ಅಂಗಡಿಯಲ್ಲಿ ಕೆಲಸ ಮಾಡುತ್ತಿದೆ. ಹೊಸ ಕಂಪ್ಯೂಟರ್ ಇಲ್ಲವೆಂದಲ್ಲ. ಆದರೆ ಕಾಕಾ ಬಳಸುತ್ತಿದ್ದ ಕನ್ನಡ ಅಕ್ಷರಜೋಡಣೆಯ ತಂತ್ರಾಂಶವು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತದೆ, ಮತ್ತು ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುಣ್ಯತಿಥಿಯ ಕಾರ್ಡುಗಳೆಲ್ಲ ಆ ತಂತ್ರಾಂಶದ ಫಾಂಟುಗಳಲ್ಲಿಯೇ ಇವೆ. ಹಳೆಯ ಗಿರಾಕಿಗಳು ಬಂದು ತಮ್ಮ ಮನೆಯ ಹಳೆಯ ಪತ್ರಿಕೆಯ ಮಾದರಿಯಲ್ಲೇ ಬೇಕೆಂದು ಕೇಳಿದಾಗ ಈ ಕಂಪ್ಯೂಟರನ್ನೇ ಚಾಲೂ ಮಾಡಬೇಕಾಗುತ್ತದೆ.

ಒಳಗಿರುವುದು ಸ್ಲಾಟ್ 1 ಮಾದರಿಯ ಸೆಲೆರಾನ್ 300ಎ ಪ್ರೊಸೆಸರ್, 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡ್, 64 ಎಂಬಿಯ ಎರಡು ರ‍್ಯಾಮ್‌ಗಳು, ಪರದೆಗೆ ಚಿತ್ರ ಕಳಿಸುವ ಒಂದು ಎಜಿಪಿ ಕಾರ್ಡ್, ಒಂದು ಐಡಿಇ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 98. ಚಿತ್ರಗಳು ತುಂಬಿದ ದೊಡ್ಡ ಪುಟ ತೆರೆಯುವಾಗ ಬಹಳ ಹೊತ್ತು ಕಾಯಬೇಕಾಗುತ್ತದೆ. ಈ ಪ್ರೊಸೆಸರ್ 450 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆಂದು ಕಾಕಾ ಆಗಾಗ ಹೇಳುತ್ತಿದ್ದರು, ಆದರೆ ದುಡಿಮೆಯ ಯಂತ್ರವೆಂದು ಅವರು ಅದನ್ನು ಮುಟ್ಟಿರಲಿಲ್ಲ. ಈಗ ಎಲ್ಲ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡು ನಾನು ಪ್ರಯತ್ನಿಸಿದೆ. ಬಸ್ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವೆ ಮಾಹಿತಿ ಸಾಗುವ ದಾರಿ) ವೇಗವನ್ನು 66, 75, 83 ಮತ್ತು 100 ಮೆಗಾಹರ್ಟ್ಜ್‌ಗೆ ಹೊಂದಿಸುವ ಜಂಪರುಗಳ, ಅಂದರೆ ಬೋರ್ಡಿನ ಕಾಲುಗಳಿಗೆ ಸಿಕ್ಕಿಸುವ ಪುಟ್ಟ ಕೊಂಡಿಗಳ, ಕೋಷ್ಟಕವು ಬೋರ್ಡಿನ ಮೇಲೆಯೇ ಅಚ್ಚಾಗಿದೆ.

75ರಲ್ಲಿ ಮೂರು ದಿನ ತೊಂದರೆ ಕಾಣಲಿಲ್ಲ. 83ಕ್ಕೆ ಏರಿಸಿದಾಗ ವಿಂಡೋಸ್ ಸರಿಯಾಗಿಯೇ ಬಂದಿತು, ವೇಗವೂ ಕಣ್ಣಿಗೆ ಕಾಣುವಂತಿತ್ತು. ಆದರೆ ರಾತ್ರಿ ಉಳಿಸಿಟ್ಟ ಲಗ್ನಪತ್ರಿಕೆಯ ಫೈಲ್ ಬೆಳಿಗ್ಗೆ ತೆರೆಯಲಿಲ್ಲ, ಸ್ಕ್ಯಾನ್‌ಡಿಸ್ಕ್ ಓಡಿಸಿದರೆ ಸಂಬಂಧ ಕಳೆದುಕೊಂಡ ಕ್ಲಸ್ಟರುಗಳು ಸಾಲಾಗಿ ಸಿಕ್ಕವು, ಎರಡು ಸಲ ಪ್ರಿಂಟರ್ ಪೋರ್ಟಿನ ಲಾಕ್ ಕೂಡ ಸಿಗಲಿಲ್ಲವೆಂದು ತಂತ್ರಾಂಶ ಹೇಳಿತು. 100ಕ್ಕೆ ಹಾಕಿದರೆ ಫ್ಯಾನ್ ತಿರುಗುತ್ತದೆ ಅಷ್ಟೇ, ಡಿಸ್‌ಪ್ಲೇ ಬರುವುದಿಲ್ಲ, ಬೀಪ್ ಕೂಡ ಇಲ್ಲ.

83ಕ್ಕೇ ತಾಳದ ಪ್ರೊಸೆಸರ್ 100ರಲ್ಲಿ ಓಡುವುದು ಸಾಧ್ಯವೇ? ನನ್ನ ಪಾಲಿಗೆ ಬಂದ ಪ್ರೊಸೆಸರೇ ದುರ್ಬಲವೆಂದು ತಿಳಿದು ಸುಮ್ಮನಾಗಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬೀದರ್ ರಿಪೇರಿ

ಶರಣು ತಮ್ಮಾ. ಪ್ರೊಸೆಸರ್ ದುರ್ಬಲವೆಂಬ ತೀರ್ಮಾನಕ್ಕೆ ಈಗಲೇ ಬರಬೇಡ. ನೀನು ಬರೆದ ಲಕ್ಷಣಗಳಲ್ಲಿ ಒಂದೂ ಪ್ರೊಸೆಸರಿನ ಸೋಲನ್ನು ಖಚಿತವಾಗಿ ತೋರಿಸುವುದಿಲ್ಲ. ಪ್ರೊಸೆಸರ್ ಸೋತರೆ ಸಾಮಾನ್ಯವಾಗಿ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ ಅಥವಾ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ. ಫೈಲ್ ಕೆಡುವುದು, ಪೋರ್ಟಿನ ಲಾಕ್ ಸಿಗದಿರುವುದು ಇವೆಲ್ಲ ಹೆಚ್ಚಾಗಿ ಪ್ರೊಸೆಸರಿನಿಂದ ಆಚೆಗಿರುವ ಬಸ್‌ಗಳ ಮಾತು.

ನಿನ್ನ ಬೋರ್ಡಿನ ಮೇಲೆ ತಗಡಿನ ಪುಟ್ಟ ಡಬ್ಬಿಯಂಥ ಒಂದು ಹರಳಿದೆ, ಅದರ ಮೇಲೆ 14.318 ಎಂದು ಬರೆದಿರುತ್ತದೆ. 1981ರ ಐಬಿಎಂ ಪಿಸಿಯಲ್ಲಿಯೂ ಇದೇ ಆವರ್ತನದ ಹರಳಿತ್ತು. ಅದನ್ನು ಮೂರರಿಂದ ಭಾಗಿಸಿ 4.77 ಮೆಗಾಹರ್ಟ್ಜ್ ಮಾಡಿ 8088 ಪ್ರೊಸೆಸರಿಗೆ ಕೊಡುತ್ತಿದ್ದರು. ನಿನ್ನ ಬೋರ್ಡಿನಲ್ಲಿ ಹರಳಿನ ಪಕ್ಕದ ಕ್ಲಾಕ್ ಜನರೇಟರ್ ಐಸಿಯು ಅದೇ ಮಿಡಿತದಿಂದ 66, 75, 83 ಅಥವಾ 100 ಮೆಗಾಹರ್ಟ್ಜ್ ತಯಾರಿಸುತ್ತದೆ, ಮತ್ತು ಪ್ರೊಸೆಸರ್ ಅದನ್ನು ತನ್ನೊಳಗೆ 4.5 ಪಟ್ಟು ಮಾಡಿಕೊಳ್ಳುತ್ತದೆ. ಈ 4.5 ಎಂಬ ಮಲ್ಟಿಪ್ಲೈಯರನ್ನು ಇಂಟೆಲ್ ಒಳಗೇ ಬೀಗ ಹಾಕಿ ಕೊಟ್ಟಿರುವುದರಿಂದ ನಾವು ಬದಲಾಯಿಸಬಹುದಾದದ್ದು ಬಸ್ ವೇಗವನ್ನು ಮಾತ್ರ. 66ರಲ್ಲಿ 300, 75ರಲ್ಲಿ 337, 83ರಲ್ಲಿ 375, 100ರಲ್ಲಿ 450 ಮೆಗಾಹರ್ಟ್ಜ್ ಆಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರ್ಡುಗಳೂ ಹಾರ್ಡ್ ಡಿಸ್ಕಿನ ನಿಯಂತ್ರಕವೂ ಕೂಡಿಕೊಳ್ಳುವ ಪಿಸಿಐ ಬಸ್ಸಿನ ವೇಗ ಕೂಡ ಅದೇ ಕ್ಲಾಕಿನಿಂದ ಬರುತ್ತದೆ, ಆದರೆ ಅದನ್ನು ಭಾಗಿಸುವ ಡಿವೈಡರ್ ಮೂಲಕ ಬರುತ್ತದೆ. ಪಿಸಿಐಗೆ ನಿಗದಿಯಾದ ವೇಗ 33 ಮೆಗಾಹರ್ಟ್ಜ್, ಎಜಿಪಿಗೆ 66. ಬಸ್ 66ರಲ್ಲಿದ್ದಾಗ ಎರಡರಿಂದ ಭಾಗಿಸಿದರೆ ಪಿಸಿಐಗೆ ಸರಿಯಾಗಿ 33 ಸಿಗುತ್ತದೆ. 75 ಮತ್ತು 83ರಲ್ಲಿಯೂ ನಿನ್ನಂಥ ಅನೇಕ ಬೋರ್ಡುಗಳು ಎರಡರಿಂದಲೇ ಭಾಗಿಸುತ್ತವೆ. ಹೀಗಾಗಿ 75ರಲ್ಲಿ ಪಿಸಿಐ 37.5ಕ್ಕೆ ಏರುತ್ತದೆ, ಅದನ್ನು ಹೆಚ್ಚಿನ ಕಾರ್ಡುಗಳು ಸಹಿಸಿಕೊಳ್ಳುತ್ತವೆ. 83ರಲ್ಲಿ 41.6 ಆಗುತ್ತದೆ, ಅಂದರೆ ನಿಗದಿಗಿಂತ ಕಾಲುಭಾಗ ಹೆಚ್ಚು. 100ಕ್ಕೆ ಹೋದಾಗ ಡಿವೈಡರ್ ಮೂರಕ್ಕೆ ಬದಲಾಗುತ್ತದೆ, ಪಿಸಿಐ ಮತ್ತೆ ತನ್ನ 33ಕ್ಕೆ ಮರಳುತ್ತದೆ. ಪ್ರೊಸೆಸರಿಗೆ 100 ಅತಿ ಕಠಿಣವಾದ ಮೆಟ್ಟಿಲು, ಹಾರ್ಡ್ ಡಿಸ್ಕಿಗೆ ಮಾತ್ರ 66ರಷ್ಟೇ ಸುಖದ ಜಾಗ. ನೀನು ಪ್ರಯತ್ನಿಸಿದ ನಾಲ್ಕರಲ್ಲಿ ಮಾಹಿತಿಗೆ ಎಲ್ಲಕ್ಕಿಂತ ಅಪಾಯಕಾರಿಯಾದದ್ದು 83. ಅಲ್ಲಿಗೆ ಮತ್ತೆ ಹೋಗಬೇಡ.

ಫೈಲ್ ಏಕೆ ಸದ್ದಿಲ್ಲದೆ ಕೆಟ್ಟಿತೆಂದು ಹೇಳುತ್ತೇನೆ. ಐಡಿಇ ನಿಯಂತ್ರಕವು ಬೋರ್ಡಿನ ಸೌತ್ ಬ್ರಿಡ್ಜ್ ಚಿಪ್ಪಿನೊಳಗಿದೆ, ಮತ್ತು ಅದು ಕಾಲವನ್ನು ಪಿಸಿಐ ಕ್ಲಾಕಿನ ಮಿಡಿತಗಳನ್ನು ಎಣಿಸಿಯೇ ಅಳೆಯುತ್ತದೆ. ಮಿಡಿತ ಚಿಕ್ಕದಾದರೆ ಡಿಸ್ಕಿಗೆ ಕೊಡುವ ಅವಧಿಯೂ ಚಿಕ್ಕದಾಗುತ್ತದೆ. ಅಲ್ಟ್ರಾ ಡಿಎಂಎ ವಿಧಾನದಲ್ಲಿ ಕೇಬಲ್ ಮೇಲೆ ಸಾಗುವ ಮಾಹಿತಿಗೆ ಸಿಆರ್‌ಸಿ ಎಂಬ ತಾಳೆ ಇರುತ್ತದೆ, ತಪ್ಪಾದರೆ ಗೊತ್ತಾಗುತ್ತದೆ. ಹಳೆಯ ಪಿಐಒ ವಿಧಾನದಲ್ಲಿ ಅಂಥ ತಾಳೆ ಇಲ್ಲ. ವಿಂಡೋಸ್ 98ರ ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್ ಡಿಸ್ಕಿನ ಗುಣಲಕ್ಷಣಗಳ ಪುಟಕ್ಕೆ ಹೋಗಿ ಡಿಎಂಎ ಮುಂದೆ ಗುರುತು ಇದೆಯೇ ನೋಡು. ಇಲ್ಲದಿದ್ದರೆ ನಿನ್ನ ಡಿಸ್ಕ್ ಇಷ್ಟು ವರ್ಷವೂ ಪಿಐಒದಲ್ಲಿಯೇ ಓಡಿದೆಯೆಂದು ಅರ್ಥ. ಗುರುತು ಹಾಕಿದರೆ ಪುಟ ತೆರೆಯುವ ವೇಗವೂ ಹೆಚ್ಚುತ್ತದೆ. ಪ್ರಿಂಟರ್ ಪೋರ್ಟ್ ಇರುವ, ಪಿಸಿಐಗಿಂತ ಹಳೆಯದಾದ ಐಎಸ್‌ಎ ಬಸ್ ಪಿಸಿಐನ ಕಾಲುಭಾಗದಲ್ಲಿ ನಡೆಯುತ್ತದೆ. 8.33 ಇರಬೇಕಾದದ್ದು 10.4ಕ್ಕೆ ಏರಿದ್ದರಿಂದಲೇ ಲಾಕ್ ಸಿಗದಿದ್ದಿರಬಹುದು.

100ರಲ್ಲಿ ಡಿಸ್‌ಪ್ಲೇ ಬಾರದಿರುವುದಕ್ಕೆ ನನಗೆ ಎರಡು ಅನುಮಾನಗಳಿವೆ. ಮೊದಲನೆಯದು ರ‍್ಯಾಮ್. 66ರ ಬಸ್ಸಿಗೆಂದು ಮಾರಿದ ಎಸ್‌ಡಿರ‍್ಯಾಮ್ 100ಕ್ಕೆ ಸಾಮಾನ್ಯವಾಗಿ ಸಾಲುವುದಿಲ್ಲ. ರ‍್ಯಾಮ್ ತೆಗೆದು ಅದರ ಚಿಪ್ಪುಗಳ ಮೇಲಿನ ಅಂಕಿಸಾಲಿನ ಕೊನೆಯನ್ನು ಭೂತಗನ್ನಡಿಯಲ್ಲಿ ಓದು. -10 ಎಂದಿದ್ದರೆ ಅದು 66ರದ್ದು, -8 ಎಂದಿದ್ದರೆ 100ರದ್ದು. ಎರಡನೆಯದು ಎಜಿಪಿ. ಕೆಲವು ಬೋರ್ಡುಗಳಲ್ಲಿ ಎಜಿಪಿಯ ಡಿವೈಡರಿಗೆ ಬೇರೆಯೇ ಜಂಪರ್ ಇರುತ್ತದೆ. ಅದು 1/1ರಲ್ಲಿ ಉಳಿದಿದ್ದರೆ ಕಾರ್ಡಿಗೆ 66ರ ಬದಲು ಪೂರಾ 100 ಮೆಗಾಹರ್ಟ್ಜ್ ಹೋಗುತ್ತದೆ, ಆಗ ಡಿಸ್‌ಪ್ಲೇ ಬಾರದಿದ್ದರೆ ಆಶ್ಚರ್ಯವಿಲ್ಲ. ಅದನ್ನು 2/3ಕ್ಕೆ ಹಾಕಬೇಕು.

ಇನ್ನೊಂದು ಮಾತು. ಸ್ಲಾಟ್ 1 ಪ್ರೊಸೆಸರಿನ ಬಿ21 ಎಂಬ ಕಾಲಿಗೆ ಟೇಪ್ ಅಂಟಿಸಿದರೆ ಬಸ್ 100ಕ್ಕೆ ಹೋಗುತ್ತದೆಂದು ಯಾರಾದರೂ ಹೇಳಬಹುದು. ಅದು ನಿಜವೇ. ವೇಗವನ್ನು ಪ್ರೊಸೆಸರನ್ನೇ ಕೇಳಿ ಹೊಂದಿಸುವ ಬೋರ್ಡುಗಳಿಗೆ ಆ ಉಪಾಯ ಬೇಕಾಗುತ್ತಿತ್ತು. ನಿನ್ನ ಬೋರ್ಡಿನಲ್ಲಿ ಜಂಪರ್ ಇರುವಾಗ ಅದರ ಗೊಡವೆಗೆ ಹೋಗಬೇಡ.

ಉತ್ತರ: ಯಾದಗಿರಿ ಡಿಪ್ಲೊಮಾ

ಬೀದರಿನ ಹಿರಿಯರು ಹೇಳಿದ್ದಕ್ಕೆ ನನ್ನ ಬಳಿಯೂ ಒಂದು ಸಾಕ್ಷಿ ಇದೆ. ನಾನು ಯಾದಗಿರಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ, ತೋರಿಸುವುದಕ್ಕೆಂದು 430ಟಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡಿನ ಪೆಂಟಿಯಮ್ 150 ಒಂದನ್ನು ಇಟ್ಟುಕೊಂಡಿದ್ದೇನೆ. ಪೆಂಟಿಯಮ್ 133ರ ಬಸ್ 66, 150ರ ಬಸ್ 60. ಹೆಸರಿನಲ್ಲಿ 150 ದೊಡ್ಡದು, ಆದರೆ ರ‍್ಯಾಮ್ ಮತ್ತು ಪಿಸಿಐ ಎರಡೂ ನಿಧಾನವಾದ್ದರಿಂದ ಕೆಲಸದಲ್ಲಿ 133ಕ್ಕಿಂತ ಹೆಚ್ಚೇನೂ ಮುಂದಿರುವುದಿಲ್ಲ. ನಾನು ಒಂದೇ ಜಂಪರ್ ಬದಲಿಸಿ ಬಸ್ಸನ್ನು 66ಕ್ಕೆ ತಂದೆ. ಪ್ರೊಸೆಸರ್ 166 ಆಯಿತು, 30ರಲ್ಲಿ ತೆವಳುತ್ತಿದ್ದ ಪಿಸಿಐ ತನ್ನ ನಿಜವಾದ 33ಕ್ಕೆ ಬಂದಿತು. ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಓವರ್‌ಕ್ಲಾಕ್ ಮಾಡುವಾಗ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವಾಗ, ಪ್ರೊಸೆಸರಿಗೆ ಎಷ್ಟು ಬೇಕೆಂದು ಮೊದಲು ಕೇಳಬೇಡಿ, ಉಳಿದ ಬಸ್‌ಗಳು ಎಲ್ಲಿ ತಮ್ಮ ನಿಗದಿಯ ವೇಗಕ್ಕೆ ಬಂದು ನಿಲ್ಲುತ್ತವೆಯೋ ಆ ಮೆಟ್ಟಿಲನ್ನು ಹುಡುಕಿ.

300ಎ ಏಕೆ ಇಷ್ಟು ಹೆಸರು ಮಾಡಿತೆಂಬುದೂ ಇದರಿಂದಲೇ ತಿಳಿಯುತ್ತದೆ. 1998ರ ಆಗಸ್ಟಿನಲ್ಲಿ ಅದು ಬಂದಾಗ ಅದರ 128 ಕೆಬಿ ಎಲ್2 ಕ್ಯಾಶ್ (ಆಗಾಗ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಂತೆ ಇಡುವ ಪುಟ್ಟ ಮೆಮೊರಿ) ಪ್ರೊಸೆಸರಿನ ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. ಅಂದಿನ ಪೆಂಟಿಯಮ್ 2ರ 512 ಕೆಬಿ ಕ್ಯಾಶ್ ಪ್ರೊಸೆಸರಿನ ಹೊರಗಿದ್ದು ಅರ್ಧ ವೇಗದಲ್ಲಿ ನಡೆಯುತ್ತಿತ್ತು. ವೇಗ ಹೆಚ್ಚಿಸಿದಾಗ ಹೊರಗಿನ ಕ್ಯಾಶ್ ಚಿಪ್ಪುಗಳು ಮೊದಲು ಸೋಲುವ ಭಯವಿತ್ತು. 300ಎಯಲ್ಲಿ ಆ ಭಯವೇ ಇರಲಿಲ್ಲ. ಅದೇ ವರ್ಷ ಬಂದಿದ್ದ 440ಬಿಎಕ್ಸ್ 100 ಮೆಗಾಹರ್ಟ್ಜ್ ಬಸ್ಸನ್ನು ಸಹಜವಾಗಿಯೇ ಕೊಡುತ್ತಿತ್ತು. ಬಸ್ 64 ಬಿಟ್ ಅಗಲವಿರುವುದರಿಂದ 66ರಲ್ಲಿ ಸೆಕೆಂಡಿಗೆ ಗರಿಷ್ಠ 533 ಎಂಬಿ, 100ರಲ್ಲಿ 800 ಎಂಬಿ ಸಾಗಬಲ್ಲದು. ಪುಟ ಬಿಡಿಸುವ ಕೆಲಸಕ್ಕೆ ಪ್ರೊಸೆಸರಿನ ವೇಗದಷ್ಟೇ ಇದೂ ಮುಖ್ಯ.

ನನ್ನ ಕಳಕಳಿ ಬಿಸಿಲಿನದು. ಈ ಪ್ರೊಸೆಸರ್ 300ರಲ್ಲಿ ಸುಮಾರು 19 ವ್ಯಾಟ್ ಶಾಖ ಬಿಡುತ್ತದೆ. ಶಾಖವು ವೇಗದ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗದ ಅನುಪಾತದಲ್ಲಿಯೂ ಏರುತ್ತದೆ. 450ಕ್ಕೆ ಹೋದರೆ 28 ವ್ಯಾಟ್ ದಾಟುತ್ತದೆ, ಅದರ ಮೇಲೆ 2.0 ವೋಲ್ಟನ್ನು 2.1 ಮಾಡಿದರೆ 31ರ ಆಸುಪಾಸಿಗೆ ಬರುತ್ತದೆ. ಡಿಸೆಂಬರಿನಲ್ಲಿ 28 ಡಿಗ್ರಿ ಇರುವ ಅಂಗಡಿ ಮೇ ತಿಂಗಳಲ್ಲಿ 42 ಆದರೆ ಪ್ರೊಸೆಸರಿನ ಉಷ್ಣಾಂಶವೂ ಅದೇ 14 ಡಿಗ್ರಿಗಳಷ್ಟು ಮೇಲಕ್ಕೆ ಹೋಗುತ್ತದೆ. ತಂಪು ನಾಡುಗಳವರು ಬರೆದಿಟ್ಟ ಅನುಭವವನ್ನು ಕಲಬುರಗಿಯಲ್ಲಿ ಹಾಗೆಯೇ ನಂಬಲಾಗದು. ಆದ್ದರಿಂದ ಪರೀಕ್ಷೆಯನ್ನು ರಾತ್ರಿ ಮಾಡಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಪ್ರೊಸೆಸರನ್ನು ದಣಿಸಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶ ಓಡಿಸಿ, ಕ್ಯಾಬಿನೆಟ್ ಮುಚ್ಚಿಯೇ ಓಡಿಸಿ. ಅದಕ್ಕೂ ಮೊದಲು ಹೀಟ್ ಸಿಂಕಿನ ಪೇಸ್ಟ್ ಬದಲಿಸಿ, ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. ಒಂದಾದರೂ ಉಬ್ಬಿದ್ದರೆ ಈ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ ಕೇಳಿದವರಿಂದ: ಕಲಬುರಗಿ ಡಿಟಿಪಿ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ಅಂಗಡಿಗೆ ರಜೆಯಿದ್ದುದರಿಂದ ಕ್ಯಾಬಿನೆಟ್ಟನ್ನು ನೆಲದ ಶಹಾಬಾದಿ ಕಲ್ಲಿನ ಮೇಲೆ ಮಲಗಿಸಿಕೊಂಡು ಬೆಳಿಗ್ಗೆಯಿಂದ ಕುಳಿತೆ. ಮೊದಲು ಬ್ಲೋವರಿನಿಂದ ಧೂಳು ತೆಗೆದೆ. ಕೆಪಾಸಿಟರುಗಳ ತಲೆ ಎಲ್ಲವೂ ಸಪಾಟಾಗಿವೆ. ರ‍್ಯಾಮ್ ಎರಡನ್ನೂ ತೆಗೆದು ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಚಿಪ್ಪುಗಳ ಮೇಲಿನ ಅಕ್ಷರಗಳನ್ನು ಓದಿದೆ. ಹಿರಿಯರು ಹೇಳಿದ ಹಾಗೆಯೇ ಒಂದು -8, ಇನ್ನೊಂದು -10. ಎರಡನೆಯದನ್ನು ಕಾಕಾ ಆಮೇಲೆ ಹಾಕಿಸಿದ್ದರು.

-10ನ್ನು ಹೊರಗಿಟ್ಟು 100ಕ್ಕೆ ಹಾಕಿದೆ. ಆಗಲೂ ಡಿಸ್‌ಪ್ಲೇ ಬರಲಿಲ್ಲ, ನನಗೆ ಬಹಳ ಬೇಸರವಾಯಿತು. ಬಳಿಕ ಎಜಿಪಿ ಸ್ಲಾಟಿನ ಬುಡದಲ್ಲಿ ಧೂಳಿನ ಪದರದ ಕೆಳಗೆ ಮೂರು ಕಾಲಿನ ಒಂದು ಜಂಪರ್ ಕಂಡಿತು. ಅದು 1/1ರಲ್ಲಿತ್ತು. ಇಕ್ಕಳದಿಂದ ಎತ್ತಿ 2/3ಕ್ಕೆ ಹಾಕಿ ಸ್ವಿಚ್ ಒತ್ತಿದಾಗ ಒಂದೇ ಬೀಪ್ ಬಂದು ಪರದೆಯ ಮೇಲೆ 450 ಎಂದು ಮೂಡಿತು. ಕಾಕಾ ಅವರನ್ನು ಮನೆಯಿಂದ ಕರೆಸಿ ತೋರಿಸಿದೆ. ಅವರು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತ ನಿಂತಿದ್ದರು.

-10 ರ‍್ಯಾಮನ್ನು ಮತ್ತೆ ಸೇರಿಸಿದರೂ ಡಿಸ್‌ಪ್ಲೇ ಬಂದಿತು, ಆದರೆ ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್86 ಫ್ಲಾಪಿಯಿಂದ ಓಡಿಸಿದಾಗ ಹತ್ತು ನಿಮಿಷದೊಳಗೆ ಕೆಂಪು ಸಾಲುಗಳು ಬಂದವು. ಡಿಎಂಎ ಗುರುತು ಇರಲಿಲ್ಲ, ಈಗ ಹಾಕಿದ್ದೇನೆ. ಈಗ ನನ್ನ ಬಳಿ 64 ಎಂಬಿ ಮಾತ್ರ ಉಳಿಯಿತು. -10 ರ‍್ಯಾಮನ್ನು ಬಳಸಿಕೊಳ್ಳಲು ದಾರಿಯಿದೆಯೇ?

ಉತ್ತರ: ಗಾಣಗಾಪುರ ರಸ್ತೆ

ಬಯೋಸಿನ ಚಿಪ್‌ಸೆಟ್ ಪುಟದಲ್ಲಿ ಸಿಎಎಸ್ ಲೇಟೆನ್ಸಿ (ಮೆಮೊರಿ ಉತ್ತರ ಕೊಡಲು ಕಾಯುವ ಮಿಡಿತಗಳ ಸಂಖ್ಯೆ) 2 ಇದ್ದರೆ 3 ಮಾಡಿ ನೋಡಬಹುದು. ನನ್ನ ಬಳಿಯ ಒಂದು -10 ರ‍್ಯಾಮ್ ಹಾಗೆ ಮಾಡಿದ ಮೇಲೆ 100ರಲ್ಲಿ ಓಡುತ್ತಿದೆ, ನಾನು ಅದರಲ್ಲಿ ಹಳೆಯ ಆಟಗಳನ್ನು ಆಡುತ್ತೇನೆ.

ಉತ್ತರ: ಬೀದರ್ ರಿಪೇರಿ

ಸಿಎಎಸ್ 3 ಮಾಡಿದರೆ ಕೆಲವು -10 ಚಿಪ್ಪುಗಳು ನಡೆಯುತ್ತವೆ ಎಂಬುದು ಸರಿ. ಆಟಕ್ಕೆ ಅದು ಸಾಕು. ಆದರೆ ಅಂಗಡಿಯ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ರ‍್ಯಾಮಿನಲ್ಲಿ ಒಂದು ಬಿಟ್ ತಪ್ಪಿದರೆ ಅದೇ ತಪ್ಪು ಡಿಸ್ಕಿಗೆ ಬರೆಯಲ್ಪಡುತ್ತದೆ, ಮತ್ತು ಡಿಎಂಎಯ ತಾಳೆಗೆ ಅದು ಸಿಗುವುದಿಲ್ಲ, ಏಕೆಂದರೆ ಕೇಬಲ್ ತಲುಪುವ ಮೊದಲೇ ಮಾಹಿತಿ ಕೆಟ್ಟಿರುತ್ತದೆ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಒಂದು ಅಂಕಿ ಬದಲಾದರೆ ಯಾರು ಉತ್ತರ ಕೊಡಬೇಕು?

ಹಿಂದಿನವರು ಇದರ ಪೆಟ್ಟು ತಿಂದೇ ಕಲಿತಿದ್ದಾರೆ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ 6 ಮೆಗಾಹರ್ಟ್ಜ್‌ನಲ್ಲಿ ಓಡುತ್ತಿತ್ತು. ಜನ ಅದರ 12 ಮೆಗಾಹರ್ಟ್ಜ್ ಹರಳನ್ನು ಕಿತ್ತು 16ರದ್ದನ್ನು ಹಾಕಿ 8 ಮಾಡಿಕೊಳ್ಳುತ್ತಿದ್ದರು, ಆಮೇಲೆ ಐಬಿಎಂ ಬಯೋಸಿನಲ್ಲಿಯೇ ವೇಗ ಪರೀಕ್ಷಿಸಿ ಅದನ್ನು ತಡೆಯಿತು. ಆ ಯಂತ್ರದಲ್ಲಿ ಕಾರ್ಡುಗಳ ಬಸ್ಸಿಗೂ ಪ್ರೊಸೆಸರಿಗೂ ಒಂದೇ ಕ್ಲಾಕ್ ಇತ್ತು. 486 ಪ್ರೊಸೆಸರಿನ ಕಾಲದಲ್ಲಿ ಕಾರ್ಡುಗಳಿಗಿದ್ದ ವಿಎಲ್ ಬಸ್ಸೂ ಹಾಗೆಯೇ ಪ್ರೊಸೆಸರಿನ ಬಸ್ಸಿಗೆ ನೇರವಾಗಿ ಕಟ್ಟಿದ್ದು. 33ರಲ್ಲಿ ಎರಡು ಮೂರು ಕಾರ್ಡುಗಳು ನಡೆಯುತ್ತಿದ್ದವು, 40ರಲ್ಲಿ ಹೆಣಗಾಡುತ್ತಿದ್ದವು, 50ರಲ್ಲಿ ಒಂದು ಕಾರ್ಡ್ ನಡೆದರೂ ಅದೃಷ್ಟವೆನ್ನುತ್ತಿದ್ದೆವು. 50ರ ಬಸ್ಸಿನ 486 ಡಿಎಕ್ಸ್ 50ಕ್ಕಿಂತ 33ರ ಬಸ್ಸಿನ 486 ಡಿಎಕ್ಸ್2 66 ನನ್ನ ಮೇಜಿಗೆ ರಿಪೇರಿಗೆ ಕಡಿಮೆ ಬರುತ್ತಿದ್ದುದು ಇದೇ ಕಾರಣಕ್ಕೆ.

-10ನ್ನು 66ರ ಬಸ್ ಇರುವ ಯಾವುದಾದರೂ ಕಂಪ್ಯೂಟರಿಗೆ ಕೊಟ್ಟುಬಿಡು. ಅಲ್ಲಿ ಅದು ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆ.

ಉತ್ತರ: ಯಾದಗಿರಿ ಡಿಪ್ಲೊಮಾ

ನನ್ನ 430ಟಿಎಕ್ಸ್ ಬೋರ್ಡಿಗೆ ಅದೇ ಬೇಕಾಗಿತ್ತು. ಆ ಚಿಪ್‌ಸೆಟ್ಟಿನ ಎಲ್2 ಕ್ಯಾಶ್ 64 ಎಂಬಿಯವರೆಗಿನ ರ‍್ಯಾಮನ್ನು ಮಾತ್ರ ನೋಡಿಕೊಳ್ಳುವುದರಿಂದ 64 ಎಂಬಿಯ ಒಂದೇ ರ‍್ಯಾಮ್ ಅದಕ್ಕೆ ಸರಿಯಾದ ಅಳತೆ. ನನ್ನ ಬಳಿ 64 ಎಂಬಿಯ -8 ಒಂದಿದೆ, 66ರ ಬಸ್ಸಿನಲ್ಲಿ ಅದು ಸುಮ್ಮನೆ ಕುಳಿತಿದೆ. ಅದಲು ಬದಲು ಮಾಡಿಕೊಳ್ಳೋಣ. ಮಧ್ಯಾಹ್ನದ ಪರೀಕ್ಷೆ ಏನಾಯಿತೆಂದು ನೀವು ಬರೆಯಲಿಲ್ಲ.

ಪ್ರಶ್ನೆ ಕೇಳಿದವರಿಂದ: ಕಲಬುರಗಿ ಡಿಟಿಪಿ

ಅಕ್ಕಾವ್ರೇ, ತಡವಾದುದಕ್ಕೆ ಕ್ಷಮಿಸಬೇಕು. ಸೋಮವಾರ ಮಧ್ಯಾಹ್ನ ಅಂಗಡಿಯೊಳಗೆ 41 ಡಿಗ್ರಿ ಇದ್ದಾಗ ಪ್ರೈಮ್95 ಹಚ್ಚಿದೆ. ನಲವತ್ತು ನಿಮಿಷಕ್ಕೆ ದೋಷ ತೋರಿಸಿ ನಿಂತಿತು. ವೋಲ್ಟೇಜ್ ಏರಿಸುವ ಮೊದಲು ನೀವು ಹೇಳಿದ ಪೇಸ್ಟನ್ನು ನೋಡೋಣವೆಂದು ಹೀಟ್ ಸಿಂಕ್ ಬಿಚ್ಚಿದೆ. ಹಳೆಯ ಪೇಸ್ಟ್ ಒಣಗಿ ಗೋಡೆಯ ಸುಣ್ಣದ ಹಾಗೆ ಪುಡಿಪುಡಿಯಾಗಿ ಉದುರಿತು, ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಒಂದು ಸುತ್ತಿಗೇ ನಿಲ್ಲುತ್ತಿತ್ತು. ಹೊಸ ಪೇಸ್ಟ್ ತೆಳ್ಳಗೆ ಸವರಿ, ಹೊಸ ಫ್ಯಾನ್ ಹಾಕಿ ಮಂಗಳವಾರ ಅದೇ ಹೊತ್ತಿಗೆ ಮತ್ತೆ ಓಡಿಸಿದೆ. ಎರಡರಿಂದ ಐದೂವರೆಯವರೆಗೆ ಒಂದು ದೋಷವೂ ಬರಲಿಲ್ಲ. ವೋಲ್ಟೇಜ್ 2.0ರಲ್ಲಿಯೇ ಇದೆ, ಲಾಕ್ ಪ್ರತಿ ಸಲವೂ ಸಿಗುತ್ತಿದೆ.

ಬರುವ ಭಾನುವಾರ ಬೆಳಗಿನ ರೈಲಿಗೆ ಯಾದಗಿರಿಗೆ ಬರುತ್ತೇನೆ. -10 ರ‍್ಯಾಮನ್ನು ದಪ್ಪ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ.